ಮಾರಿವಿಕ್ ಕೊಡದ ಕಾಫಿ

ನಟರಾಜ್ ಅಂಕಲ್‌ಗೆ ಕಾಫಿ ಕೊಟ್ಟವಳು ಮಾರಿವಿಕ್ ಅಲ್ಲ. ಈ ಮಾತನ್ನು ನಾನು ಹ್ಯಾರಿಸ್‌ಡೇಲಿನ ಎಷ್ಟು ಕನ್ನಡದವರ ಮನೆಗಳ ಸೋಫಾದ ಮೇಲೆ ಕೂತು ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ, ಇನ್ನೊಂದು ಕೋಡುಬಳೆ ತಗೊಳ್ಳಿ ಎನ್ನುತ್ತಾರೆ, ನಾನು ಎದ್ದು ಹೋದ ಮೇಲೆ ಈ ವೇದಾಗೆ ಆ ಫಿಲಿಪಿನೋ ಹೆಂಗಸಿನ ಮೇಲೆ ಯಾಕೋ ವಿಪರೀತ ಮಮಕಾರ ಎಂದು ಮಾತಾಡಿಕೊಳ್ಳುತ್ತಾರೆ. ಅವಳೇ ಬಾಯಿಬಿಟ್ಟು ಒಪ್ಪಿಕೊಂಡಿರುವಾಗ ಇವಳದ್ದೇನು ನಡುವೆ ಎಂಬುದು ಅವರ ವಾದ. ವಾದವೇನೋ ಸರಿಯಾಗಿಯೇ ಇದೆ. ಒಪ್ಪಿಕೊಂಡದ್ದು ನಿಜ, ಕೊಟ್ಟದ್ದು ಸುಳ್ಳು. ಇವೆರಡೂ ಒಬ್ಬಳೇ ಹೆಂಗಸಿನಲ್ಲಿ ಹೇಗೆ ಸೇರಿಕೊಂಡವು ಎಂದು ತಿಳಿಸಬೇಕಾದರೆ ಅವಳ ಬದುಕನ್ನೇ ಹೇಳಬೇಕು. ಸೋಫಾದ ಮೇಲೆ ಅಷ್ಟು ಹೊತ್ತು ಯಾರೂ ಕೇಳುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ಆಸ್ಟ್ರೇಲಿಯಾದ ಪರ್ತ್‌ಗೆ ಬಂದದ್ದು ಗಂಡ ಗಣಪತಿಯ ಎಂಜಿನಿಯರ್ ಕೆಲಸದ ಹಿಂದೆ. ಮಗಳು ಅದಿತಿ ಹೈಸ್ಕೂಲು ಸೇರಿದ ಮೇಲೆ ಮನೆಯ ಗೋಡೆಗಳನ್ನು ನೋಡಿ ನೋಡಿ ಸಾಕಾಗಿ, ಕ್ಯಾನಿಂಗ್ಟನ್ ಹತ್ತಿರದ, ವೃದ್ಧರನ್ನು ನೋಡಿಕೊಳ್ಳುವ ಒಂದು ಏಜ್ಡ್ ಕೇರ್‌ನ ಅಡುಗೆಮನೆಗೆ ಕೆಲಸಕ್ಕೆ ಸೇರಿದೆ. ಎಂ.ಎ. ಮಾಡಿದವಳು ಪಾತ್ರೆ ತಿಕ್ಕಲು ಹೋಗುತ್ತಾಳೆ ಎಂದು ಆಡಿಕೊಂಡವರು ಇದ್ದರು. ತಿಕ್ಕುವುದಕ್ಕೆ ಮಷೀನು ಇದೆ ಎಂದು ಅವರಿಗೆ ಹೇಳಲು ಹೋಗಲಿಲ್ಲ. ನನ್ನ ಮುಖ್ಯ ಕೆಲಸ ಬೇರೆಯೇ ಇತ್ತು. ಪಾರ್ಶ್ವವಾಯು ಹೊಡೆದ ಕೆಲವರಿಗೆ ನುಂಗುವುದು ಕಷ್ಟ. ತೆಳ್ಳಗಿನ ನೀರೋ ಚಹಾವೋ ಕೊಟ್ಟರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಅಂಥವರಿಗೆ ಕುಡಿಯುವುದನ್ನೆಲ್ಲ ಒಂದು ಪುಡಿ ಹಾಕಿ ಗಂಜಿಯ ಹದಕ್ಕೆ ತಂದು ಕಳಿಸಬೇಕು. ಆ ಪುಡಿ ಕಲಕುವವಳು ನಾನು.

ಮಾರಿವಿಕ್ ಅಲ್ಲಿ ಆರೈಕೆಯ ಕೆಲಸದವಳು. ಪೂರ್ತಿ ಹೆಸರು ಮಾರಿಯಾ ವಿಕ್ಟೋರಿಯಾ, ಅವರ ಊರಿನವರು ಎರಡನ್ನೂ ಕತ್ತರಿಸಿ ಒಂದು ಮಾಡಿದ್ದರು. ಕುಳ್ಳಗೆ, ಗುಂಡಗೆ ಇದ್ದಳು. ನಕ್ಕರೆ ಬಾಯಿಗೆ ಅಡ್ಡ ಕೈ. ಬೆಳಿಗ್ಗೆ ಕೆಲಸಕ್ಕೆ ಬಂದವಳೇ ಮುದುಕರ ಕೈಯನ್ನು ಮೆಲ್ಲಗೆ ಎತ್ತಿ ತನ್ನ ಹಣೆಗೆ ಒತ್ತಿಕೊಳ್ಳುತ್ತಿದ್ದಳು. ನಾವು ಕಾಲು ಮುಟ್ಟಿ ನಮಸ್ಕಾರ ಮಾಡುವ ಹಾಗೆ ಅದು ಅವರ ಪದ್ಧತಿ. ಬಿಳಿಯ ಮುದುಕರು ಮೊದಮೊದಲು ಬೆಚ್ಚಿ ಕೈ ಹಿಂದೆಳೆದುಕೊಂಡರಂತೆ, ಆಮೇಲೆ ಅವಳು ಬರುವ ಮುಂಚೆಯೇ ಕೈ ಚಾಚಿ ಕಾಯುತ್ತಿದ್ದರಂತೆ.

ಇಲ್ಲ ಎನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಶಿಫ್ಟ್ ಬದಲಾಯಿಸಿಕೊಳ್ಳುತ್ತೀಯಾ ಎಂದರೆ ಹೂಂ, ಭಾನುವಾರ ಬರುತ್ತೀಯಾ ಎಂದರೆ ಹೂಂ. ಮನಸ್ಸಿಲ್ಲದಿದ್ದರೆ ಹೂಂ ಎಂದು ಸ್ವಲ್ಪ ಸಣ್ಣಗೆ ಹೇಳುತ್ತಿದ್ದಳು, ಎದುರಿನವರು ಅರ್ಥ ಮಾಡಿಕೊಳ್ಳಬೇಕು. ಆಸ್ಟ್ರೇಲಿಯಾದವರಿಗೆ ಅದೆಲ್ಲಿ ಅರ್ಥವಾಗಬೇಕು. ನನಗೆ ಅರ್ಥವಾಗುತ್ತಿತ್ತು, ನಮ್ಮಲ್ಲೂ ಅತ್ತೆಮನೆಗೆ ಬಂದ ಹೊಸ ಸೊಸೆ ಹಾಗೆಯೇ ಅಲ್ಲವೇ. ಸ್ಟಾಫ್ ರೂಮಿನ ಮೈಕ್ರೋವೇವಿನಲ್ಲಿ ಮೀನು ಬಿಸಿ ಮಾಡಿ ನನ್ನ ಮೊಸರನ್ನದ ಹಸಿವನ್ನೇ ಸಾಯಿಸಿದಳೆಂದು ನಾನು ಒಮ್ಮೆ ಚೆನ್ನಾಗಿ ಬೈದಿದ್ದೆ. ಮಾರನೆಯ ದಿನದಿಂದ ಅವಳು ಮೀನನ್ನು ತಣ್ಣಗೇ ತಿನ್ನತೊಡಗಿದಳು, ಅದೂ ಹೊರಗೆ ಕಾರು ನಿಲ್ಲಿಸುವ ಕಡೆ ನಿಂತು. ನನಗೆ ನಾಚಿಕೆಯಾಗಿ ನಾನೇ ಹೋಗಿ ಒಳಗೆ ಕರೆತಂದೆ. ನಮ್ಮ ಸ್ನೇಹ ಶುರುವಾದದ್ದು ಹೀಗೆ. ಅವಳು ನನ್ನನ್ನು 'ಸಿಸ್' ಎನ್ನುತ್ತಿದ್ದಳು. ನಾವು ಮಾತಾಡಿದ್ದೆಲ್ಲ ಮುರುಕು ಇಂಗ್ಲಿಷಿನಲ್ಲಿ, ಇಲ್ಲಿ ಅದನ್ನು ನಮ್ಮ ಮಾತಿಗೆ ತಂದುಕೊಂಡಿದ್ದೇನೆ.

ಅವಳ ಊರು ಬತಾಂಗಾಸ್ ಪ್ರಾಂತ್ಯದ ಕಡಲ ದಡದ್ದು. ಅಪ್ಪ ಮೀನು ಹಿಡಿಯುತ್ತಿದ್ದ, ಅಮ್ಮ ಒಣಮೀನು ಮಾರುತ್ತಿದ್ದಳು. ಗಂಡನೆಂಬುವನು ಬಸುರಿ ಹೆಂಡತಿಯನ್ನು ಬಿಟ್ಟು ಮನಿಲಾಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಅವಳಿಗೆ ಹೊಂದುವ ರಕ್ತ ಇರಲಿಲ್ಲ. ಆಗ ಅಲ್ಲಿ ನರ್ಸ್ ಆಗಿದ್ದ ಅದೇ ಊರಿನ ನೆನಿತಾ ತೋಳು ಚಾಚಿ ಪಕ್ಕದ ಮಂಚದಲ್ಲಿ ಮಲಗಿದಳು. ತಾಯಿ, ಮಗಳು ಇಬ್ಬರೂ ಉಳಿದರು. ಮಗಳಿಗೆ ಜಾಸ್ಮಿನ್ ಎಂದು ಹೆಸರಿಟ್ಟವಳೂ ನೆನಿತಾಳೇ.

ಮುಂದೆ ನೆನಿತಾ ಪರ್ತ್‌ಗೆ ಬಂದು, ನಮ್ಮ ಏಜ್ಡ್ ಕೇರ್‌ನಲ್ಲಿ ಹಿರಿಯ ನರ್ಸ್ ಆದಳು. ಗಂಡ ತೀರಿಕೊಂಡ, ಮಗ ಬ್ರಿಸ್ಬೇನಿಗೆ ಹೋದ. ಮೋರ್ಲಿಯಲ್ಲಿದ್ದ ಅವಳ ಮನೆ ಖಾಲಿಯಾದಾಗ ಅವಳು ಮಾರಿವಿಕ್‌ಳನ್ನು ಕರೆಸಿಕೊಂಡಳು. ಹಿಂದಿನ ರೂಮು ಕೊಟ್ಟಳು, ಆರೈಕೆಯ ಕೋರ್ಸಿಗೆ ಸೇರಿಸಿದಳು, ಮ್ಯಾನೇಜರ್ ಹತ್ತಿರ ಹೇಳಿ ಕೆಲಸ ಕೊಡಿಸಿದಳು. ಕೆಲಸದ ಮೇಲೆ ವೀಸಾ, ವೀಸಾ ಕಾಯಂ ಆದರೆ ಜಾಸ್ಮಿನ್‌ಳನ್ನು ಕರೆಸಿಕೊಳ್ಳಬಹುದು. ಮಗಳು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಳು. ಮಾರಿವಿಕ್ ಬದುಕಿದ್ದುದೇ ಆ ಒಂದು ದಿನಕ್ಕಾಗಿ. ಮಗಳಿಗೆಂದು ರೂಮಿನಲ್ಲಿ ಇನ್ನೊಂದು ಮಂಚ ಆಗಲೇ ಹಾಕಿಟ್ಟಿದ್ದಳು, ಅದರ ಮೇಲೆ ಯಾರೂ ಕೂರುವಂತಿರಲಿಲ್ಲ.

ನೆನಿತಾಳನ್ನು ಅವಳು ಕರೆಯುತ್ತಿದ್ದುದು 'ಆತೆ' ಎಂದು. ನಮ್ಮ ಅತ್ತೆಯಲ್ಲ, ಅಕ್ಕ ಎಂದು ಅರ್ಥ. ಆದರೆ ಅವಳು ಆ ಮನೆಯಲ್ಲಿ ನಡೆದುಕೊಳ್ಳುವುದನ್ನು ನೋಡಿದರೆ ಅತ್ತೆ ಎಂದರೂ ತಪ್ಪಿಲ್ಲ ಎಂದು ನಾನು ಛೇಡಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಅವರ ಭಾಷೆಯಲ್ಲಿ ಒಂದು ಮಾತಿದೆ, 'ಉತಾಂಗ್ ನ ಲೊಓಬ್'. ಒಳಗಿನ ಋಣ.

"ಜೇಬಿನ ಸಾಲ ಅಲ್ಲ ಸಿಸ್, ಇದು ತೀರೋದೇ ಇಲ್ಲ. ಇದನ್ನ ಮರೆತೋನು ನಮ್ಮಲ್ಲಿ ಮನುಷ್ಯಾನೇ ಅಲ್ಲ," ಎಂದಿದ್ದಳು.

"ನಮ್ಮಲ್ಲೂ ಋಣ ಅಂತೀವಮ್ಮ. ಬಾಯಲ್ಲಿ ಅಂತೀವಿ, ಕೆಲಸ ಆದ್ಮೇಲೆ ಮರ್ತೂ ಹೋಗ್ತೀವಿ," ಎಂದು ನಾನು ನಕ್ಕೆ.

ಅವಳು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದ್ದಳು.

ನೆನಿತಾ ಕೆಟ್ಟವಳೆಂದು ಯಾರೂ ತಿಳಿಯಬಾರದು. ಈಗ ನನಗೆ ಅವಳ ಮೇಲೆ ಎಷ್ಟೇ ಕೋಪವಿರಲಿ, ಸುಳ್ಳು ಬರೆಯಲಾರೆ. ಶಿಸ್ತಿನ ಹೆಂಗಸು. ಮುದುಕರ ಹಾಸಿಗೆ ಒದ್ದೆಯಾದರೆ ಕೆಲಸದವರಿಗೆ ಕಾಯದೆ ತಾನೇ ಬದಲಾಯಿಸುವಳು. ಹಿರಿಯರು ನರಳುವುದನ್ನು ಅವಳಿಂದ ನೋಡಲು ಆಗುತ್ತಿರಲಿಲ್ಲ. ಅನಾಹುತವಾದದ್ದೇ ಆ ಒಳ್ಳೆಯತನದಿಂದ.

ನಟರಾಜ್ ಅಂಕಲ್ ಅಲ್ಲಿಗೆ ಬಂದದ್ದು ಪಾರ್ಶ್ವವಾಯು ಹೊಡೆದ ಮೇಲೆ. ಮಗ ವಿನಯ ನಮ್ಮ ಹ್ಯಾರಿಸ್‌ಡೇಲಿನವನೇ. ಅಂಕಲ್ ಹೆಂಡತಿ ಸುಭದ್ರಾ ಆಂಟಿ ದಿನಾ ಬಸ್ಸು ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಅಂಕಲ್‌ಗೆ ಇಂಗ್ಲಿಷ್ ಪೂರ್ತಿ ಅಳಿಸಿಹೋಗಿ ಕನ್ನಡವೊಂದೇ ಉಳಿದಿತ್ತು, ಅದೂ ತುಂಡು ತುಂಡು. ನಾನು ಕೆಲಸ ಮುಗಿಸಿ ಸ್ವಲ್ಪ ಹೊತ್ತು ಮಾತಾಡಿಸಿ ಹೋಗುತ್ತಿದ್ದೆ. ನಾನು ಕಲಕಿ ಕಳಿಸಿದ ಕಾಫಿಯನ್ನು ಕಂಡರೆ ಅವರಿಗೆ ಉರಿದುಹೋಗುತ್ತಿತ್ತು.

"ಇದು ಕಾಫೀನಾ, ಗೋಂದಾ? ಒಂದ್ ಲೋಟ... ನೆಟ್ಟಗಿರೋ ಕಾಫಿ... ಕುಡಿಸೇ ತಾಯಿ."

"ತಡೀರಿ ಅಂಕಲ್, ಒಂದಿನ ನಾನೇ ಮನೆಯಿಂದ ಫಿಲ್ಟರ್ ಕಾಫಿ ತಂದ್ಕೊಡ್ತೀನಿ," ಎಂದೆ.

ರೋಗಿಗಳಿಗೆ, ಮಕ್ಕಳಿಗೆ ನಾವು ಹೇಳುವುದೇ ಹಾಗೆ. ಆಗಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ಬದಲು ನೋಡೋಣ, ಮಾಡೋಣ ಎಂದು ಸಮಾಧಾನ ಮಾಡುತ್ತೇವೆ. ಸುಭದ್ರಾ ಆಂಟಿ ಅಲ್ಲೇ ಶಾಲು ಮಡಚುತ್ತ ಕೂತಿದ್ದರು. ಅವರೂ ನಕ್ಕರು.

ಅದಾಗಿ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ, ಆಂಟಿ ಇನ್ನೂ ಬಂದಿರಲಿಲ್ಲ, ಅಂಕಲ್ ರೂಮಿನ ಕರೆಗಂಟೆ ಹೊಡೆದುಕೊಂಡಿತು. ಓಡಾಟ, ಕೂಗಾಟ. ಅವರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದ ಮೇಲೆ ನಾನು ಟ್ರಾಲಿ ತರಲು ಆ ರೂಮಿಗೆ ಹೋದೆ. ನಾನು ಕಳಿಸಿದ ಗಟ್ಟಿ ಕಾಫಿ ಮುಟ್ಟದೆ ಹಾಗೇ ಇತ್ತು. ಪಕ್ಕದಲ್ಲಿ ಸ್ಟಾಫ್ ರೂಮಿನ ಒಂದು ಮಗ್ಗು. ಅದರಲ್ಲಿ ಅರ್ಧ ಕುಡಿದು ಬಿಟ್ಟ ತೆಳ್ಳಗಿನ ಕರಿ ಕಾಫಿ. ಗೋಡೆಯ ಮೇಲೆ, ಇವರಿಗೆ ಗಟ್ಟಿ ಮಾಡಿದ್ದನ್ನೇ ಕೊಡಿ ಎಂಬ ಬೋರ್ಡು ದೊಡ್ಡದಾಗಿಯೇ ನೇತಾಡುತ್ತಿತ್ತು. ನಾನು ಮಗ್ಗು ಮುಟ್ಟದೆ ಮ್ಯಾನೇಜರ್ ಹೆಲೆನ್‌ಳನ್ನು ಕರೆದು ತೋರಿಸಿದೆ. ಕಾಫಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ಅದೇ ವಾರ ಆಸ್ಪತ್ರೆಯಲ್ಲಿ ಅಂಕಲ್ ಹೋಗಿಬಿಟ್ಟರು.

ವಿಚಾರಣೆ ಶುರುವಾಯಿತು. ಸುಭದ್ರಾ ಆಂಟಿ ಅಳುತ್ತಲೇ ಮಗನಿಗೆ ಹೇಳಿದರು, "ವೇದಾ ಕಾಫಿ ಕೊಡ್ತೀನಿ ಅಂದಿದ್ಲು ಕಣೋ." ವಿನಯ ಅದನ್ನು ಹೆಲೆನ್‌ಗೆ ಹೇಳಿದ. ಅಂಕಲ್ ಜೊತೆ ನಾನು ಆಪ್ತಳು, ನಮ್ಮದು ಒಂದೇ ಭಾಷೆ, ಕಾಫಿ ಕುಡಿಸುತ್ತೇನೆಂದು ಹೇಳಿದ್ದೂ ನಿಜ. ಗಂಟೆ ಹೊಡೆದ ಹೊತ್ತಿಗೆ ನಾನು ಅಡುಗೆಮನೆಯಲ್ಲೂ ಇರಲಿಲ್ಲ, ಹಿಂದುಗಡೆ ಕಸ ಹಾಕಲು ಹೋಗಿದ್ದೆ. ನೋಡಿದವರು ಯಾರೂ ಇಲ್ಲ. ತನಿಖೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದು ಹೆಲೆನ್ ಬಹಳ ನಯವಾಗಿ ಹೇಳಿದಳು. ನಯವಾಗಿ ಹೇಳಿದರೆ ಉರಿ ಕಡಿಮೆಯಾಗುತ್ತದೆಂದು ಈ ದೇಶದವರಿಗೆ ಯಾರು ಹೇಳಿಕೊಟ್ಟರೋ.

ಮನೆಯಲ್ಲಿ ಗಣಪತಿ ಊಟಕ್ಕೆ ಕೂತವನು ತಟ್ಟೆ ನೋಡುತ್ತ ಕೇಳಿದ, "ನನ್ ಹತ್ರ ನಿಜ ಹೇಳ್ಬಿಡು. ಕೊಟ್ಯಾ?"

ನಾನು ಸಾರಿನ ಸೌಟನ್ನು ಸಿಂಕಿಗೆ ಎಸೆದೆ. ಅವತ್ತು ಅವನೂ ಊಟ ಮಾಡಲಿಲ್ಲ, ನಾನೂ ಮಾಡಲಿಲ್ಲ. ಒಬ್ಬ ಮನುಷ್ಯನ ಸಾವು ನನ್ನ ತಲೆಯ ಮೇಲಿತ್ತು. ಕಟ್ಟಿಕೊಂಡ ಗಂಡನೇ ನಂಬದಿದ್ದರೆ ಹೆಲೆನ್ ಯಾಕೆ ನಂಬಬೇಕು? ಭಯವಾಗುತ್ತಿತ್ತು. ಪೊಲೀಸರು ಬಂದರೆ ಎಂದು ರಾತ್ರಿಯೆಲ್ಲ ಕಿಟಕಿಯಿಂದ ರಸ್ತೆ ನೋಡುತ್ತಿದ್ದೆ.

ಅಷ್ಟರಲ್ಲಿ ಹೆಲೆನ್ ಫೋನು ಮಾಡಿದಳು. ನಾಳೆಯಿಂದ ಕೆಲಸಕ್ಕೆ ಬಾ, ಮಾರಿವಿಕ್ ಒಪ್ಪಿಕೊಂಡಿದ್ದಾಳೆ ಎಂದಳು.

ನನಗೆ ಮೊದಲು ಆದದ್ದು ಸಂತೋಷ, ಮುಚ್ಚಿಡುವುದೇನು. ಆಮೇಲೆ ಬಂತು ಕೋಪ. ಇಷ್ಟು ದಿನ ಬಾಯಿ ಹೊಲಿದುಕೊಂಡು ನನ್ನನ್ನು ಉರಿಯಲ್ಲಿ ಬಿಟ್ಟಿದ್ದಳಲ್ಲ ಎಂದು. ಅವಳನ್ನು ಆ ದಿನವೇ ಕೆಲಸದಿಂದ ತೆಗೆದಿದ್ದರು. ಕ್ಯಾನಿಂಗ್ಟನ್ ಶಾಪಿಂಗ್ ಸೆಂಟರಿನ ಫುಡ್ ಕೋರ್ಟಿಗೆ ಕರೆಸಿಕೊಂಡು ಚೆನ್ನಾಗಿ ಝಾಡಿಸಿದೆ. ಅವಳು ತಲೆ ತಗ್ಗಿಸಿ ಸಾರಿ ಸಿಸ್, ಸಾರಿ ಸಿಸ್ ಎನ್ನುತ್ತಿದ್ದಳು.

"ಅಲ್ವೇ, ಅಷ್ಟು ದೊಡ್ಡ ಬೋರ್ಡು ಕಾಣಿಸ್ಲಿಲ್ವಾ ನಿಂಗೆ? ಏನಂತ ಕೊಟ್ಟೆ?"

"ಬೇಡ್ಕೊಂಡ್ರು ಸಿಸ್. ಹಾಲು ಜಾಸ್ತಿ ಹಾಕಿ, ಸ್ವಲ್ಪಾನೇ ಕೊಟ್ಟೆ."

ಹಾಲು ಎಂದಳೇ? ಆ ಮಗ್ಗಿನಲ್ಲಿ ಇದ್ದದ್ದು ಕರಿ ಕಾಫಿ, ನಾನು ಕಣ್ಣಾರೆ ನೋಡಿದ್ದೆ. ಆ ಕಟ್ಟಡದಲ್ಲಿ ಹಾಲಿಲ್ಲದ ಕಾಫಿ ಕುಡಿಯುತ್ತಿದ್ದವಳು ಒಬ್ಬಳೇ, ನೆನಿತಾ. ನನ್ನ ಭಯದಲ್ಲಿ ಅದು ಅಲ್ಲಿಯ ತನಕ ಹೊಳೆದೇ ಇರಲಿಲ್ಲ.

ಹೆಸರು ಹೇಳಿದೆನೋ ಇಲ್ಲವೋ, ಮಾರಿವಿಕ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಎಲ್ಲ ಹೇಳಿದಳು.

ಅವಳು ಅವತ್ತು ಎದುರು ರೂಮಿನಲ್ಲಿದ್ದಳು, ಎರಡು ಬಾಗಿಲೂ ತೆರೆದಿದ್ದವು. ನೆನಿತಾ ಕೈಯಲ್ಲಿ ಮಗ್ಗು ಹಿಡಿದುಕೊಂಡೇ ಅಂಕಲ್‌ಗೆ ಮಾತ್ರೆ ಕೊಡಲು ಹೋಗಿದ್ದಳು. ಕಾಫಿಯ ವಾಸನೆಗೆ ಅಂಕಲ್ ಆಡುವ ಒಂದು ಕೈಯನ್ನು ಎತ್ತಿ, ಆಡದ ಇನ್ನೊಂದು ಕೈಗೆ ತಂದು ಜೋಡಿಸಿದರು. ಕೈಮುಗಿದರು. ನೆನಿತಾ ಬೇಡ ಬೇಡ ಎಂದು ತಲೆಯಾಡಿಸಿದಳು. ಅವರು ಕೈ ಇಳಿಸಲಿಲ್ಲ, ಅಳತೊಡಗಿದರು. ಅಪ್ಪನ ವಯಸ್ಸಿನವರು ಹಾಗೆ ಬೇಡುತ್ತ ಕೂತಿರುವಾಗ ಎದುರಿಗೆ ನಿಂತು ಇಲ್ಲ ಎನ್ನುವುದು ನಮ್ಮವರಿಂದ ಆಗುವ ಕೆಲಸವಲ್ಲ ಎಂದಳು ಮಾರಿವಿಕ್. ನೆನಿತಾ ಮಗ್ಗನ್ನು ಅವರ ಬಾಯಿಗೆ ಹಿಡಿದಳು. ತಲೆ ಎತ್ತಿದಾಗ ಎದುರಿಗಿದ್ದ ಮಾರಿವಿಕ್‌ಳ ಕಣ್ಣಿಗೆ ಕಣ್ಣು ಕೂಡಿತು.

"ಮನೇಲಿ ಏನಂದ್ಲು ನಿಂಗೆ? ಹೇಳ್ಬೇಡ ಅಂದ್ಲಾ?"

"ಏನೂ ಅನ್ಲಿಲ್ಲ. ಆ ವಿಷಯಾನೇ ಎತ್ಲಿಲ್ಲ. ಸಂಜೆ ಮೀನಿನ ಹುಳಿ ಮಾಡಿದ್ರು. ತಲೆ ಭಾಗ ಯಾವಾಗ್ಲೂ ಆತೆಗೆ, ಅವರ ಮನೇಲಿ ಹಿರಿಯರಿಗೆ ಅದು. ಅವತ್ತು ಅದನ್ನ ನನ್ ತಟ್ಟೆಗೆ ಹಾಕಿದ್ರು."

"ಆಮೇಲೆ?"

"ಅಷ್ಟೇ ಸಿಸ್. ನಾನು ತಿಂದೆ."

ನನಗೆ ಮೈ ಉರಿಯಿತು. ಒಂದು ಮಾತಿಲ್ಲ, ಕತೆಯಿಲ್ಲ, ಮೀನಿನ ತಲೆ ಕೇಳಿತಂತೆ, ಇವಳು ತಿಂದು ಒಪ್ಪಿದಳಂತೆ. ಆದರೆ ಬೈಯಲು ಬಾಯಿ ತೆರೆದವಳಿಗೆ ನಮ್ಮ ಮನೆಗಳ ಊಟದ ಪಂಕ್ತಿಗಳು ನೆನಪಾದವು. ನಮ್ಮಲ್ಲೂ ಎಷ್ಟೋ ಹೆಂಗಸರ ಹಣೆಬರಹ ಬಡಿಸುವ ಕೈಯಲ್ಲೇ ತೀರ್ಮಾನವಾಗಿದೆ, ಬಾಯಲ್ಲಲ್ಲ.

"ಹಾಗಿದ್ರೆ ಸುಮ್ನಿರ್ಬೇಕಾಗಿತ್ತು. ನೀನೇ ಕೊಟ್ಟೆ ಅಂತ ಯಾಕೆ ಹೇಳಿದೆ?"

"ಸುಮ್ನಿದ್ರೆ ನಿನ್ನನ್ನ ಹಿಡೀತಿದ್ರು. ನೀನು ಏನೂ ಮಾಡಿರ್ಲಿಲ್ಲ. ನಿಜ ಹೇಳಿದ್ರೆ ಆತೆ ಹೋಗ್ತಿದ್ರು. ನನ್ ಮೈಯಲ್ಲಿರೋದು ಅವರ ರಕ್ತ. ನಾನು ಅಂದ್ರೆ ನಾನೊಬ್ಳೇ ಹೋಗೋದು."

"ನೀನೊಬ್ಳೇನಾ? ಜಾಸ್ಮಿನ್? ವೀಸಾ ಹೋಯ್ತಲ್ಲೇ! ಅವಳನ್ನ ಕೇಳಿದ್ಯಾ?"

ಅವಳು ನನ್ನ ಪ್ರಶ್ನೆಯೇ ಅರ್ಥವಾಗದವಳಂತೆ ನೋಡಿದಳು. "ಅವಳು ನಾನೇ ಅಲ್ವಾ ಸಿಸ್?" ಎಂದಳು.

ಅವಳು ಮಾಡಿದ ತಪ್ಪು ಇದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಸುಳ್ಳು ಹೇಳಿದ್ದಲ್ಲ. ಕೊಡಲು ತನ್ನ ಕೈಯಲ್ಲಿರುವುದು ಏನೇನು ಎಂದು ನೋಡಿಕೊಂಡಾಗ ಅವಳು ಮಗಳನ್ನೂ ಅದರಲ್ಲೇ ಸೇರಿಸಿಕೊಂಡಳು. ಆ ರಕ್ತದಿಂದಲೇ ಹುಟ್ಟಿ ಉಳಿದ ಮಗಳು, ಆ ರಕ್ತಕ್ಕೇ ಸೇರಿದವಳು ಎಂಬುದು ಅವಳ ಮನಸ್ಸಿನ ಲೆಕ್ಕ.

ನಾನು ಬಿಡಲಿಲ್ಲ. ಮಾರನೆಯ ಬೆಳಿಗ್ಗೆಯೇ ಹೆಲೆನ್ ರೂಮಿಗೆ ನುಗ್ಗಿ, ಕೊಟ್ಟವಳು ಅವಳಲ್ಲ, ನೆನಿತಾ ಎಂದೆ. ಹೆಲೆನ್ ಇಬ್ಬರನ್ನೂ ಕರೆಸಿದಳು. ಮಾರಿವಿಕ್ ಬಂದಳು, ನೆನಿತಾ ಸಮವಸ್ತ್ರದಲ್ಲೇ ಬಂದು ನಿಂತಳು. ಈಗ ಹೇಳುತ್ತಾಳೆ, ಇಷ್ಟು ವರ್ಷ ಮುದುಕರನ್ನು ಎತ್ತಿ ಆಡಿಸಿದವಳು ಇಷ್ಟಾದರೂ ಹೇಳದಿರುವಳೇ ಎಂದುಕೊಂಡೆ. ಕರಿ ಕಾಫಿಯ ವಿಷಯವನ್ನೂ ಹೇಳಿದೆ.

"ನಾನು ಆ ಹೊತ್ತಿಗೆ ಆ ರೂಮಿನಲ್ಲಿ ಇರಲಿಲ್ಲ," ಎಂದಳು ನೆನಿತಾ.

ಮಾರಿವಿಕ್ ನನ್ನ ಭುಜ ಮುಟ್ಟಿ ಹೆಲೆನ್‌ಗೆ ಹೇಳಿದಳು, "ವೇದಾ ಒಳ್ಳೆಯವಳು. ನನ್ನನ್ನು ಉಳಿಸಬೇಕೆಂದು ಹೀಗೆ ಹೇಳುತ್ತಿದ್ದಾಳೆ. ಆ ಮಗ್ಗು ನಾನೇ ತೆಗೆದುಕೊಂಡು ಹೋದದ್ದು."

ಅದಾದ ಮೇಲೆ ನನಗೆ ನಿಲ್ಲಲು ಜಾಗವೇ ಉಳಿಯಲಿಲ್ಲ. ಹೆಲೆನ್ ನನ್ನ ಬೆನ್ನು ತಟ್ಟಿ ಕಳಿಸಿದಳು. ಇನ್ನು ಮುಂದೆ ಈ ದೇಶದಲ್ಲಿ ಎಲ್ಲಿಯೂ ಮಾರಿವಿಕ್ ಆರೈಕೆಯ ಕೆಲಸ ಮಾಡುವಂತಿಲ್ಲ ಎಂದು ತೀರ್ಮಾನವಾಯಿತು. ನಾನು ಆ ತಿಂಗಳೇ ಕೆಲಸ ಬಿಟ್ಟೆ.

ಸುಭದ್ರಾ ಆಂಟಿಯ ಮನೆಗೂ ಹೋದೆ. ಅವರು ನನ್ನ ಕೈ ಹಿಡಿದುಕೊಂಡು, "ನಿನ್ ಮೇಲೆ ಅನುಮಾನ ಪಟ್ಟೆ, ತಪ್ಪು ತಿಳ್ಕೋಬೇಡ್ವೇ," ಎಂದು ಅತ್ತರು. ನಾನು ನಿಜ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಅವರಿಗೆ ಸಿಟ್ಟು ಮಾಡಲು ಒಂದು ಮುಖ ಬೇಕಿತ್ತು, ಅದು ಸಿಕ್ಕಿಯಾಗಿತ್ತು. "ಅವಳಿಗೊಬ್ಳು ಮಗಳಿದಾಳಂತಲ್ಲ. ಆ ಮಗಳ ಮುಖ ನೋಡೋ ಭಾಗ್ಯ ಅವಳಿಗೆ ಬರ್ದೇ ಇರ್ಲಿ," ಎಂದು ಹಿಡಿಶಾಪ ಹಾಕಿದರು. ನನಗೆ ಅಲ್ಲಿ ಕೂರಲಾಗಲಿಲ್ಲ.

ಇನ್ನು ಮೋರ್ಲಿಯ ಮನೆಯಲ್ಲಿ ನೆನಿತಾ ಇವಳನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿತ್ತಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಕೆಲವು ದಿನ ಬಗೆಬಗೆಯ ಅಡುಗೆ ಮಾಡಿ ಬಡಿಸಿದಳಂತೆ. ಆಮೇಲೆ ಜೊತೆಗೆ ಊಟಕ್ಕೆ ಕೂರುವುದನ್ನು ನಿಲ್ಲಿಸಿದಳು. ಆಮೇಲೆ ಮುಖ ನೋಡುವುದನ್ನು. ಬಾಗಿಲ ಸದ್ದಿಗೆ, ನಲ್ಲಿಯ ಸದ್ದಿಗೆ ಎಲ್ಲದಕ್ಕೂ ಸಿಡುಕು. ಜೀವಮಾನವಿಡೀ ಉಪಕಾರ ಮಾಡಿದವಳಾಗಿಯೇ ಬದುಕಿದ ಹೆಂಗಸಿಗೆ ಉಪಕಾರ ಹೊತ್ತವಳಾಗಿ ಒಂದು ದಿನವೂ ಬದುಕಲು ಬರಲಿಲ್ಲ. ಮಾರಿವಿಕ್ ಅವಳ ಋಣವನ್ನು ತೀರಿಸಲಿಲ್ಲ, ಎತ್ತಿ ಅವಳ ಮೇಲೆಯೇ ಹೊರಿಸಿಬಿಟ್ಟಿದ್ದಳು. ತೀರದ್ದನ್ನು ತೀರಿಸಲು ಹೋದರೆ ಆಗುವುದೇ ಇದು. ಕೊನೆಗೆ ನೆನಿತಾ ಮಗನ ಹತ್ತಿರ ಬ್ರಿಸ್ಬೇನಿಗೆ ಹೋಗುತ್ತೇನೆಂದು ಮನೆ ಖಾಲಿ ಮಾಡಿದಳು. ಜಾಸ್ಮಿನ್‌ಗೆಂದು ಹಾಕಿದ್ದ ಮಂಚವನ್ನು ರಸ್ತೆಯ ಬದಿಗೆ ಇಟ್ಟು ಹೋದಳು, ಯಾರಿಗೆ ಬೇಕೋ ಅವರು ಒಯ್ಯಲಿ ಎಂದು. ಹೋಗಿ ಬರುತ್ತೇನೆ ಎಂಬ ಮಾತನ್ನೂ ಆಡಲಿಲ್ಲ.

ಮಾರಿವಿಕ್‌ಗೆ ಪರಿಚಯದವರೊಬ್ಬರು ಅಡಿಲೇಡಿನಲ್ಲಿ ಟೊಮೆಟೊ ಪ್ಯಾಕ್ ಮಾಡುವ ಕೆಲಸ ಕೊಡಿಸಿದರು. ವೀಸಾ ಇನ್ನು ಕೆಲವು ತಿಂಗಳದ್ದು, ಅಷ್ಟೆ. ನಾನು ಅವಳಿಗಾಗಿ ವಕೀಲರನ್ನು ಹುಡುಕಿದೆ, ಅವಳು ಅವರ ಮುಂದೆಯೂ ಅದೇ ಸುಳ್ಳನ್ನು ಹೇಳಿದಳು. ಅವರು ನನ್ನ ಕಡೆ ನೋಡಿದರು, ನಾನೇನು ಮಾಡಲಿ.

ಅದಿತಿ ಈಗ ಅಡಿಲೇಡಿನಲ್ಲೇ ಓದುತ್ತಿದ್ದಾಳೆ. ಕಳೆದ ತಿಂಗಳು ಅವಳನ್ನು ನೋಡಲು ಹೋದವಳು ಒಂದು ಮಧ್ಯಾಹ್ನ ಮಾರಿವಿಕ್‌ಳನ್ನು ಹುಡುಕಿಕೊಂಡು ಹೋದೆ. ಊರಿನ ಉತ್ತರಕ್ಕೆ, ಯಾರದೋ ಮನೆಯ ಗ್ಯಾರೇಜಿನಲ್ಲಿ ಇದ್ದಳು. ಬೆರಳುಗಳಿಗೆಲ್ಲ ಟೊಮೆಟೊ ಗಿಡದ ಹಸಿರು ಕರೆ ಹತ್ತಿತ್ತು. ನನ್ನನ್ನು ನೋಡಿ ಖುಷಿಯಾದಳು, ಮೀನು ಹಾಕದೆ ಅಡುಗೆ ಮಾಡಿದ್ದೇನೆ ಎಂದಳು. ತಟ್ಟೆ ಇಡುವಷ್ಟರಲ್ಲಿ ಊರಿನಿಂದ ಜಾಸ್ಮಿನ್ ವಿಡಿಯೊ ಕರೆ ಮಾಡಿದಳು. ನನಗೂ ಕೈ ಬೀಸಿದಳು. ದೊಡ್ಡ ಹುಡುಗಿಯಾಗಿದ್ದಾಳೆ, ಅದೇ ದುಂಡು ಮುಖ. ಅವರ ಭಾಷೆಯಲ್ಲಿ ಏನೋ ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು.

ಕರೆ ಮುಗಿದ ಮೇಲೆ ಮಾರಿವಿಕ್ ಹೇಳಿದಳು. ನೆನಿತಾ ಬ್ರಿಸ್ಬೇನಿನಿಂದ ಊರಿಗೆಲ್ಲ ಫೋನು ಮಾಡಿದ್ದಾಳೆ. ತಾನು ಸಾಕಿ ಕೆಲಸ ಕೊಡಿಸಿದವಳು ಒಬ್ಬ ಮುದುಕನನ್ನು ಕೊಂದಳು, ತನಗೂ ಅಲ್ಲಿ ತಲೆಯೆತ್ತಲಾಗದ ಹಾಗೆ ಮಾಡಿದಳು, ಋಣಗೇಡಿ ಎಂದು. ಚರ್ಚಿನಲ್ಲಿ ಅಜ್ಜಿಯ ಪಕ್ಕ ಯಾರೂ ಕೂರುತ್ತಿಲ್ಲ. ಜಾಸ್ಮಿನ್ ಮಾತ್ರ, ನಮ್ಮಮ್ಮ ಅಂಥ ಕೆಲಸ ಮಾಡೋಳೇ ಅಲ್ಲ ಎಂದು ಸಿಕ್ಕಿದವರ ಜೊತೆಗೆಲ್ಲ ಜಗಳ ಆಡಿದ್ದಾಳೆ, ಶಾಲೆಯಲ್ಲಿ ಹೊಡೆದಾಡಿಯೂ ಬಂದಿದ್ದಾಳೆ. ನೆನಿತಾಳ ಹತ್ತಿರ ನೀನು ಕ್ಷಮೆ ಕೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಅಜ್ಜಿ ಹೇಳಿಕಳಿಸಿದ್ದಾಳೆ.

"ಅವಳ ಹತ್ರ ನೀನು ಕ್ಷಮೆ ಕೇಳ್ಬೇಕಾ? ತಲೆ ನೆಟ್ಟಗಿದ್ಯಾ ನಿಮ್ಗೆಲ್ಲ?" ಎಂದು ನಾನು ಕೂಗಿದೆ.

ಮಾರಿವಿಕ್ ಕೈ ತೊಳೆದುಕೊಂಡು ಬಂದಳು. ಕೂದಲು ಸರಿಮಾಡಿಕೊಂಡಳು. ಆಮೇಲೆ ಬ್ರಿಸ್ಬೇನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಎದ್ದು ನಿಂತೇ ಮಾತಾಡಿದಳು. ಅರ್ಧ ಅವರ ಭಾಷೆ, ಅರ್ಧ ಇಂಗ್ಲಿಷು. ಸಾರಿ ಆತೆ, ನಿಮಗೆ ನನ್ನಿಂದ ಅವಮಾನವಾಯಿತು, ಸಾರಿ. ನಾಚಿಕೆಗಾದರೂ ನೆನಿತಾ ಫೋನು ಇಡುತ್ತಾಳೆ ಎಂದು ಕಾದೆ.

"ನಿನ್ನನ್ನು ನಾನು ಯಾವತ್ತೋ ಕ್ಷಮಿಸಿದ್ದೇನೆ," ಎಂದಳು ನೆನಿತಾ, ಇಂಗ್ಲಿಷಿನಲ್ಲಿ.

ಫೋನು ಕಿತ್ತುಕೊಂಡು ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದು ಕೈ ಚಾಚಿದೆ. ಮಾರಿವಿಕ್ ನನ್ನ ಮುಂಗೈ ಹಿಡಿದಳು, ನೋವಾಗುವಷ್ಟು ಬಿಗಿಯಾಗಿ. ಥ್ಯಾಂಕ್ ಯೂ ಆತೆ ಎಂದು ಫೋನು ಇಟ್ಟಳು. ಅವಳ ಮುಖದಲ್ಲಿ ನೆಮ್ಮದಿ ಇತ್ತು, ಅದನ್ನು ನೋಡಿ ನನಗೆ ಅಳು ಬಂತು. ತಕ್ಷಣ ಮಗಳಿಗೆ ಕರೆ ಮಾಡಿ, ಕ್ಷಮೆ ಕೇಳಿದ್ದಾಯಿತು, ಇನ್ನು ಅಜ್ಜಿಯ ಜೊತೆ ಚರ್ಚಿಗೆ ಹೋಗು, ಯಾರೂ ಏನೂ ಅನ್ನುವುದಿಲ್ಲ ಎಂದಳು.

ಪರದೆಯ ಮೇಲೆ ಜಾಸ್ಮಿನ್ ತಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಇಂಗ್ಲಿಷಿನಲ್ಲಿ, ಮೆಲ್ಲಗೆ ಕೇಳಿದಳು.

"ಕ್ಷಮೆ ಕೇಳಿದ್ಯಾ? ಹಾಗಿದ್ರೆ ಆ ಅಜ್ಜನಿಗೆ ಕಾಫಿ ಕೊಟ್ಟೋಳು ನೀನೇನಾ ಮಮ್ಮಾ?"

ಮಾರಿವಿಕ್ ನನ್ನ ಕಡೆ ನೋಡಲಿಲ್ಲ.

"ಹೌದು ಮಗಳೇ," ಎಂದಳು.